ವೀಣೆ ಶೇಷಣ್ಣ

ವೀಣೆ ಶೇಷಣ್ಣ (೧೮೫೨–೧೯೨೬) ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸರು, ವೈಣಿಕರು ಮತ್ತು ವಾಗ್ಗೇಯಕಾರರು. ಕರ್ನಾಟಕ ಸಂಗೀತದಲ್ಲಿ ಮೈಸೂರು ಬಾನಿ ಎಂದು ಹೆಸರಾದ ವೀಣಾವಾದನ ಶೈಲಿಗೆ ಖಚಿತವಾದ ರೂಪವನ್ನು ಕೊಟ್ಟವರಲ್ಲಿ ಇವರು ಪ್ರಮುಖರು. ಹಾಡುಗಾರಿಕೆಗೇ ಅಗ್ರಸ್ಥಾನವಿದ್ದ ಕಾಲದಲ್ಲಿ, ಗಾಯಕರ ಆಸರೆಯಿಲ್ಲದೆ ವೀಣೆಯೊಂದೇ ಗಂಟೆಗಟ್ಟಲೆ ಸಭೆಯನ್ನು ಹಿಡಿದಿಡಬಲ್ಲದು ಎಂಬುದನ್ನು ಮೈಸೂರಿನ ಒಳಗೂ ಹೊರಗೂ ತೋರಿಸಿದವರೆಂದು ಶೇಷಣ್ಣನವರು ಖ್ಯಾತರಾಗಿದ್ದಾರೆ. ವೀಣೆಯ ಜೊತೆಗೆ ಪಿಟೀಲು, ಸ್ವರಬತ್, ಜಲತರಂಗ, ಪಿಯಾನೊ ಮೊದಲಾದ ವಾದ್ಯಗಳಲ್ಲಿಯೂ ಅವರಿಗೆ ಪರಿಶ್ರಮವಿತ್ತು. ಹಿಂದೂಸ್ತಾನಿ ಮತ್ತು ಪಾಶ್ಚಾತ್ಯ ಸಂಗೀತಗಳನ್ನು ಆಸಕ್ತಿಯಿಂದ ಕೇಳಿ, ತಮ್ಮ ವಾದ್ಯಕ್ಕೆ ಒಗ್ಗುವುದನ್ನು ಸ್ವೀಕರಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು, ಚಾಮರಾಜೇಂದ್ರ ಒಡೆಯರು ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರು ಎಂಬ ಮೂವರು ದೊರೆಗಳ ಕಾಲವನ್ನು ಅವರು ಕಂಡರು.

ಮನೆತನ

ಶೇಷಣ್ಣನವರು ೧೮೫೨ರಲ್ಲಿ ಮೈಸೂರಿನಲ್ಲಿ ವೈಣಿಕರ ಮನೆತನದಲ್ಲಿ ಜನಿಸಿದರು. ತಂದೆ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದ್ವಾಂಸರಾಗಿದ್ದರು. ಅವರ ಹೆಸರಿನೊಡನೆ ಬಕ್ಷಿ ಎಂಬ ಆಸ್ಥಾನದ ಬಿರುದೂ ಸೇರಿತ್ತು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರು ಸೀಮೆಯಲ್ಲಿ ಪ್ರಸಿದ್ಧರಾಗಿದ್ದ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಪರಂಪರೆಗೆ ಈ ಮನೆತನ ಸೇರಿದ್ದೆಂದು ಹೇಳಲಾಗುತ್ತದೆ. ಭೈರವಿ ರಾಗದಲ್ಲಿ ಅಟತಾಳದಲ್ಲಿರುವ ಸುಪ್ರಸಿದ್ಧ ವರ್ಣವನ್ನು ರಚಿಸಿದವರು ಇದೇ ಆದಿಯಪ್ಪಯ್ಯನವರು. ಆ ವರ್ಣವನ್ನು ಸಂಗೀತ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.

ಶೇಷಣ್ಣನವರು ಹುಟ್ಟಿದಾಗ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ೧೮೩೧ರಲ್ಲಿ ಅಧಿಕಾರ ಕೈತಪ್ಪಿದ ಮೇಲೆ ಮುಮ್ಮಡಿಯವರು ತಮ್ಮ ಗಮನವನ್ನು ಬಹುಪಾಲು ವಿದ್ವಾಂಸರು, ಕವಿಗಳು ಮತ್ತು ಕಲಾವಿದರ ಪೋಷಣೆಯ ಕಡೆಗೆ ಹರಿಸಿದ್ದರು. ೧೭೯೯ರಲ್ಲಿ ತಂಜಾವೂರಿನ ರಾಜ್ಯಾಧಿಕಾರವೂ ಬ್ರಿಟಿಷರ ವಶವಾಗಿ, ೧೮೫೫ರಲ್ಲಿ ಅಲ್ಲಿಯ ಅರಸುಮನೆತನವೇ ಕೊನೆಗೊಂಡಿತು. ಹೀಗಾಗಿ ದಕ್ಷಿಣದ ಸಂಗೀತಗಾರರಿಗೆ ಮೈಸೂರು ದೊಡ್ಡ ಆಶ್ರಯಸ್ಥಾನವಾಯಿತು. ವೀಣೆಗಂತೂ ಅದು ತವರೂರಿನಂತಿತ್ತು.

ಬಾಲ್ಯ ಮತ್ತು ಶಿಕ್ಷಣ

ಶೇಷಣ್ಣನವರ ಬಾಲ್ಯದ ಬಗ್ಗೆ ಸಂಗೀತಗಾರರ ವಲಯದಲ್ಲಿ ಪ್ರಚಲಿತವಾಗಿರುವ ಪ್ರಸಂಗವೊಂದಿದೆ. ಶಿವರಾತ್ರಿಯ ಸಂದರ್ಭದಲ್ಲಿ ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಮುಮ್ಮಡಿಯವರ ಸಮ್ಮುಖದಲ್ಲಿ ಕ್ಲಿಷ್ಟವಾದ ಪಲ್ಲವಿಯೊಂದನ್ನು ಹಾಡಿ, ಅದನ್ನು ಹಾಡಿ ತೋರಿಸುವಂತೆ ಆಸ್ಥಾನದವರಿಗೆ ಸವಾಲು ಹಾಕಿದರು. ಹಿರಿಯರು ಹಿಂದೆಮುಂದೆ ನೋಡುತ್ತಿರಲು, ತಂದೆಯೊಡನೆ ಬಂದಿದ್ದ ಬಾಲಕ ಶೇಷಣ್ಣ ಆ ಪಲ್ಲವಿಯನ್ನು ತಾಳ ತಪ್ಪದೆ ಹಾಡಿದನು. ಮಹಾರಾಜರು ಸಂತೋಷಗೊಂಡು ಬಾಲಕನನ್ನು ಹತ್ತಿರ ಕರೆದು ಮುತ್ತಿನ ಹಾರವನ್ನೂ ಶಾಲನ್ನೂ ಕೊಟ್ಟು ಗೌರವಿಸಿದರು ಎಂಬುದು ಪ್ರತೀತಿ. ಪಲ್ಲವಿ ಎಂದರೆ ಒಂದೇ ಸಾಲಿನ ಸಾಹಿತ್ಯವನ್ನು ತಾಳದ ನಿರ್ದಿಷ್ಟ ಸ್ಥಾನಗಳಲ್ಲಿ ಕೂರಿಸಿ, ಅದನ್ನು ಬೇರೆ ಬೇರೆ ಕಾಲಗಳಲ್ಲಿ ವಿಸ್ತರಿಸುವ ಕ್ರಮ. ಒಮ್ಮೆ ಕೇಳಿದ ಮಾತ್ರಕ್ಕೆ ಅದನ್ನು ಹಾಡಲು ತಾಳಜ್ಞಾನ ಮತ್ತು ನೆನಪಿನ ಶಕ್ತಿ ಎರಡೂ ಬೇಕು.

ತಂದೆಯವರು ಬೇಗನೆ ತೀರಿಕೊಂಡರು. ಮನೆಯಲ್ಲಿ ಅಕ್ಕ ವೆಂಕಮ್ಮನವರೂ ವೀಣೆ ಬಲ್ಲವರಾಗಿದ್ದು, ತಮ್ಮನ ಅಭ್ಯಾಸಕ್ಕೆ ನೆರವಾದರೆಂದು ತಿಳಿದುಬರುತ್ತದೆ. ಮುಂದೆ ಶೇಷಣ್ಣನವರು ವೀಣೆಯನ್ನು ದೊಡ್ಡ ಶೇಷಣ್ಣ ಎಂಬ ಹಿರಿಯ ವೈಣಿಕರಲ್ಲಿಯೂ, ಹಾಡುಗಾರಿಕೆಯನ್ನು ಮೈಸೂರು ಸದಾಶಿವರಾಯರಲ್ಲಿಯೂ ಕಲಿತರು.

ಈ ಎರಡನೆಯ ಶಿಕ್ಷಣ ಗಮನಾರ್ಹವಾದುದು. ಸದಾಶಿವರಾಯರು ವಾಲಾಜಾಪೇಟೆ ವೆಂಕಟರಮಣ ಭಾಗವತರ ಶಿಷ್ಯರು; ವೆಂಕಟರಮಣ ಭಾಗವತರು ತ್ಯಾಗರಾಜರ ನೇರ ಶಿಷ್ಯರು. ಹೀಗಾಗಿ ಶೇಷಣ್ಣನವರಿಗೆ ವಂಶಪಾರಂಪರ್ಯವಾಗಿ ಬಂದ ವೀಣೆಯ ವಿದ್ಯೆಯ ಜೊತೆಗೆ ತ್ಯಾಗರಾಜರ ಶಿಷ್ಯಪರಂಪರೆಯ ಗಾಯನಕ್ರಮವೂ ದೊರಕಿತು. ವಾದ್ಯಗಾರನು ಹಾಡಲು ಕಲಿತರೆ ಸಾಹಿತ್ಯದ ಪದಗಳು ಎಲ್ಲಿ ಒಡೆಯುತ್ತವೆ, ಎಲ್ಲಿ ಉಸಿರು ನಿಲ್ಲಬೇಕು ಎಂಬುದನ್ನು ಅರಿಯುತ್ತಾನೆ. ಮೀಟು ಹಾಕುವ ಸ್ಥಳವನ್ನು ಆ ಅರಿವೇ ನಿರ್ಧರಿಸುತ್ತದೆ. ಬೆರಳಿನ ಚಾತುರ್ಯ ಮತ್ತು ಗಾಯನದ ಭಾವ ಇವೆರಡನ್ನೂ ಶೇಷಣ್ಣನವರ ವಾದನದ ಲಕ್ಷಣಗಳೆಂದು ಹೇಳುವುದರ ಹಿಂದೆ ಈ ಎರಡು ಶಿಕ್ಷಣಗಳಿವೆ.

ಆಸ್ಥಾನದಲ್ಲಿ

ಮುಮ್ಮಡಿಯವರು ೧೮೬೮ರಲ್ಲಿ ನಿಧನರಾದಾಗ ಶೇಷಣ್ಣನವರಿಗೆ ಸುಮಾರು ಹದಿನಾರು ವರ್ಷ. ೧೮೮೧ರಲ್ಲಿ ಬ್ರಿಟಿಷರು ರಾಜ್ಯವನ್ನು ಮತ್ತೆ ಒಡೆಯರಿಗೆ ಒಪ್ಪಿಸಿದ ಮೇಲೆ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ಅವರು ಆಸ್ಥಾನದ ಮುಖ್ಯ ವೈಣಿಕರಲ್ಲೊಬ್ಬರಾಗಿ ಬೆಳೆದರು. ಚಾಮರಾಜೇಂದ್ರರಿಗೆ ಸಂಗೀತದಲ್ಲಿಯೂ ನಾಟಕದಲ್ಲಿಯೂ ತೀವ್ರವಾದ ಆಸಕ್ತಿಯಿತ್ತು. ಅವರು ಸ್ವತಃ ಪಿಟೀಲು ನುಡಿಸುತ್ತಿದ್ದರೆಂದೂ, ಶೇಷಣ್ಣನವರ ವೀಣೆಯೊಡನೆ ಜೊತೆಗೂಡುತ್ತಿದ್ದರೆಂದೂ ಹೇಳುತ್ತಾರೆ.

ಆಸ್ಥಾನ ವಿದ್ವಾಂಸರೆಂದರೆ ದರ್ಬಾರಿನಲ್ಲಿ ಕುಳಿತು ಗೌರವ ಪಡೆಯುವುದು ಮಾತ್ರವಲ್ಲ. ನವರಾತ್ರಿ, ವರ್ಧಂತಿ, ಅರಮನೆಯ ಪೂಜೆ, ಅತಿಥಿಗಳ ಸತ್ಕಾರ ಮೊದಲಾದ ಸಂದರ್ಭಗಳಲ್ಲಿ ಕರೆ ಬಂದಾಗ ಸಿದ್ಧರಾಗಿರಬೇಕು. ಕೇಳುಗರಲ್ಲಿ ಸಂಗೀತ ತಿಳಿದ ದೊರೆಯೂ, ಪ್ರತಿಸ್ಪರ್ಧಿಗಳಾದ ವಿದ್ವಾಂಸರೂ ಇರುತ್ತಿದ್ದರು. ಶೇಷಣ್ಣನವರ ಸಮಕಾಲೀನರಲ್ಲಿ ವೈಣಿಕ ಸುಬ್ಬಣ್ಣ, ಗಾಯಕರಾದ ಕರಿಗಿರಿರಾಯರು, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯ ಮೊದಲಾದವರಿದ್ದರು. ಇಂತಹವರ ನಡುವೆ ಹೆಸರು ಉಳಿಸಿಕೊಳ್ಳುವುದಕ್ಕೆ ದಿನನಿತ್ಯದ ಸಾಧನೆ ಅನಿವಾರ್ಯವಾಗಿತ್ತು. ಸುಬ್ಬಣ್ಣನವರೂ ಶೇಷಣ್ಣನವರೂ ಒಂದೇ ವಾದ್ಯದಲ್ಲಿ ಸಮಾನ ಕೀರ್ತಿ ಪಡೆದವರಾದರೂ ಸ್ನೇಹದಿಂದಿದ್ದು, ಜೊತೆಯಾಗಿಯೂ ಕಚೇರಿ ನಡೆಸುತ್ತಿದ್ದರು.

೧೮೯೪ರ ಕೊನೆಯಲ್ಲಿ ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಬಾಲಕರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ತಾಯಿ ವಾಣಿವಿಲಾಸ ಸನ್ನಿಧಾನದವರು ೧೯೦೨ರವರೆಗೆ ರಾಜಪ್ರತಿನಿಧಿಯಾಗಿದ್ದರು. ಈ ನಡುವೆ ೧೮೯೭ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಇಂದು ನಾವು ಕಾಣುವ ಅಂಬಾವಿಲಾಸ ಅರಮನೆ ೧೯೧೨ರಲ್ಲಿ ಪೂರ್ಣಗೊಂಡಿತು. ದೊರೆಯೂ ಅರಮನೆಯೂ ಬದಲಾದರೂ ಆಸ್ಥಾನದ ಸಂಗೀತ ಪರಂಪರೆ ಕಡಿಯದೆ ಮುಂದುವರಿಯಿತು. ನಾಲ್ವಡಿಯವರು ಶೇಷಣ್ಣನವರಿಗೆ ವೈಣಿಕ ಶಿಖಾಮಣಿ ಎಂಬ ಬಿರುದನ್ನು ನೀಡಿ ಗೌರವಿಸಿದರು.

ಕಚೇರಿಗಳು

ಶೇಷಣ್ಣನವರ ವೃತ್ತಿಜೀವನ ಧ್ವನಿವರ್ಧಕ ಮತ್ತು ಆಕಾಶವಾಣಿಗಳು ಬರುವುದಕ್ಕೆ ಮುಂಚೆಯೇ ಮುಗಿಯಿತು. ಮೈಸೂರಿನಲ್ಲಿ ಆಕಾಶವಾಣಿ ಎಂಬ ಹೆಸರಿನಿಂದ ಬಾನುಲಿ ಪ್ರಸಾರ ಆರಂಭವಾದದ್ದು ೧೯೩೫ರಲ್ಲಿ. ವೀಣೆಯ ನಾದ ಮೆಲುವಾದುದು; ನಾಗಸ್ವರದಂತೆ ಬೀದಿಯ ತುದಿಯವರೆಗೆ ಕೇಳಿಸುವಂತಹುದಲ್ಲ. ತಂತಿಯನ್ನು ಮೀಟಿದ ಕ್ಷಣದಲ್ಲಿ ನಾದ ಅತ್ಯಂತ ಗಟ್ಟಿಯಾಗಿದ್ದು, ಬಳಿಕ ಕ್ರಮೇಣ ಕ್ಷೀಣಿಸುತ್ತದೆ. ಆದ್ದರಿಂದ ವೀಣೆಯ ಕಚೇರಿಗೆ ನಿಶ್ಶಬ್ದವಾದ ಸಭೆಯೂ, ಹತ್ತಿರ ಕುಳಿತು ಕಿವಿಗೊಡುವ ಕೇಳುಗರೂ ಬೇಕಾಗುತ್ತಿತ್ತು. ಅಂತಹ ಸಭೆಯನ್ನು ನಿಶ್ಶಬ್ದವಾಗಿರಿಸುವ ಹೊಣೆ ವಾದಕನದೇ ಆಗಿತ್ತು.

ಕಚೇರಿಯಲ್ಲಿ ಶೇಷಣ್ಣನವರಿಗೆ ವಿಶೇಷ ಕೀರ್ತಿ ತಂದ ಭಾಗ ರಾಗ ಮತ್ತು ತಾನ. ರಾಗಾಲಾಪನೆಯಲ್ಲಿ ತಾಳದ ಕಟ್ಟಿಲ್ಲದೆ ರಾಗದ ಸ್ವರೂಪವನ್ನು ನಿಧಾನವಾಗಿ ಬಿಡಿಸಲಾಗುತ್ತದೆ. ತಾನದಲ್ಲಿ ತಾಳವಿಲ್ಲದಿದ್ದರೂ ಲಯದ ನಡೆಯೊಂದು ಒಳಗೆ ಹರಿಯುತ್ತಿರುತ್ತದೆ. ಮೀಟಿನ ಮೇಲೆ ಮೀಟು ಬೀಳುವುದರಿಂದ ತಾನವು ವೀಣೆಗೆ ಸಹಜವಾಗಿ ಒಪ್ಪುತ್ತದೆ. ನಾದ ಕ್ಷೀಣಿಸುವುದು ವೀಣೆಯ ಮಿತಿ ಎನ್ನಬಹುದಾದರೆ, ಆ ಮಿತಿಯೇ ಶಕ್ತಿಯಾಗುವುದು ತಾನದಲ್ಲಿ. ಮೈಸೂರಿನ ವೈಣಿಕರು ತಾನಕ್ಕೆ ಕೊಟ್ಟ ಪ್ರಾಧಾನ್ಯಕ್ಕೆ ಇದೇ ಕಾರಣ.

ಮೈಸೂರಿನ ಹೊರಗೂ ಶೇಷಣ್ಣನವರಿಗೆ ಆಹ್ವಾನಗಳು ಬರುತ್ತಿದ್ದವು. ಅವುಗಳಲ್ಲಿ ಬರೋಡ ಸಂಸ್ಥಾನದ ಭೇಟಿ ಪ್ರಸಿದ್ಧವಾದುದು. ಅಲ್ಲಿಯ ದೊರೆ ಸಯಾಜಿರಾವ್ ಗಾಯಕವಾಡರು ಇವರ ವಾದನವನ್ನು ಮೆಚ್ಚಿ, ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿಸಲು ಏರ್ಪಾಡು ಮಾಡಿದರು. ಶೇಷಣ್ಣನವರು ತಾವು ಕುಳಿತುಕೊಳ್ಳದೆ ಪಲ್ಲಕ್ಕಿಯಲ್ಲಿ ವೀಣೆಯನ್ನಿರಿಸಿ, ಅದರ ಪಕ್ಕದಲ್ಲಿ ನಡೆದುಕೊಂಡು ಹೋದರೆಂದು ಪರಂಪರೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಸುದ್ದಿ ತಿಳಿದ ಚಾಮರಾಜೇಂದ್ರರು ಮೈಸೂರಿನಲ್ಲಿಯೂ ಅಂತಹ ಗೌರವಕ್ಕೆ ಏರ್ಪಾಡು ಮಾಡಿಸಿದಾಗಲೂ ಅವರು ಹಾಗೆಯೇ ನಡೆದುಕೊಂಡರಂತೆ. ಮಾನಸಮ್ಮಾನಗಳು ವ್ಯಕ್ತಿಗಲ್ಲ, ವಿದ್ಯೆಗೆ ಎಂಬ ಅವರ ಮನೋಧರ್ಮಕ್ಕೆ ಈ ಪ್ರಸಂಗವನ್ನು ನಿದರ್ಶನವಾಗಿ ಕೊಡುವುದು ವಾಡಿಕೆ.

೧೯೧೧ರಲ್ಲಿ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಅಂಗವಾಗಿ ದೆಹಲಿಯಲ್ಲಿ ನಡೆದ ದರ್ಬಾರಿನ ಸಂದರ್ಭದಲ್ಲಿ ಶೇಷಣ್ಣನವರು ವೀಣೆ ನುಡಿಸಿದರೆಂದೂ, ದೊರೆಯು ಮೆಚ್ಚಿ ಅವರ ಭಾವಚಿತ್ರವನ್ನು ಇಂಗ್ಲೆಂಡಿಗೆ ಕೊಂಡೊಯ್ದರೆಂದೂ ಜೀವನಚರಿತ್ರೆಗಳು ಹೇಳುತ್ತವೆ. ಆಗ ಶೇಷಣ್ಣನವರು ಅರವತ್ತರ ಸಮೀಪದಲ್ಲಿದ್ದರು.

ವಾದನ ಶೈಲಿ

ವೀಣೆಯ ರಚನೆಯ ಸ್ಥೂಲ ಪರಿಚಯವಿದ್ದರೆ ಮೈಸೂರು ಬಾನಿಯ ವೈಶಿಷ್ಟ್ಯವನ್ನು ತಿಳಿಯುವುದು ಸುಲಭ. ಸರಸ್ವತಿ ವೀಣೆಗೆ ಒಟ್ಟು ಏಳು ತಂತಿಗಳು. ನಾಲ್ಕು ತಂತಿಗಳು ಮೆಟ್ಟಿಲುಗಳ ಮೇಲೆ ಹಾದುಹೋಗುತ್ತವೆ. ನಾದವನ್ನು ನುಡಿಸುವುದು ಇವುಗಳ ಮೇಲೆ. ಉಳಿದ ಮೂರು ಪಕ್ಕದಲ್ಲಿದ್ದು ತಾಳ ಮತ್ತು ಶ್ರುತಿಗೆ ಒದಗುತ್ತವೆ. ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ ಇಪ್ಪತ್ತನಾಲ್ಕು ಮೆಟ್ಟಿಲುಗಳಿರುತ್ತವೆ; ಒಂದು ಸ್ಥಾಯಿಗೆ ಹನ್ನೆರಡರಂತೆ ಒಂದೊಂದು ತಂತಿಯಲ್ಲಿ ಎರಡು ಸ್ಥಾಯಿಗಳು ದೊರೆಯುತ್ತವೆ. ಬಲಗೈ ತಂತಿಯನ್ನು ಮೀಟಿದರೆ ಎಡಗೈ ಬೆರಳುಗಳು ಮೆಟ್ಟಿಲುಗಳ ಮೇಲೆ ತಂತಿಯನ್ನು ಒತ್ತಿ, ಎಳೆದು, ಜಾರಿಸಿ ಸ್ವರಗಳನ್ನು ಹೊರಡಿಸುತ್ತವೆ.

ತಂಜಾವೂರು ಬಾನಿಯಲ್ಲಿ ಎಡಗೈಯ ತೋರುಬೆರಳು ಮತ್ತು ನಡುಬೆರಳುಗಳನ್ನು ಜೋಡಿಸಿ, ತಂತಿಯನ್ನು ಎಳೆದು ಗಮಕಗಳನ್ನು ತರುವುದಕ್ಕೆ ಹೆಚ್ಚಿನ ಒತ್ತು. ಮೈಸೂರು ಬಾನಿಯಲ್ಲಿ ಆ ಎರಡು ಬೆರಳುಗಳನ್ನು ಬಿಡಿಬಿಡಿಯಾಗಿ ಬಳಸುತ್ತಾರೆ. ಒಂದು ಬೆರಳು ಒಂದು ಮೆಟ್ಟಿಲಿನ ಮೇಲಿರುವಾಗ ಇನ್ನೊಂದು ಮುಂದಿನ ಮೆಟ್ಟಿಲನ್ನು ಮುಟ್ಟುವುದರಿಂದ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳದೆ ಸ್ಫುಟವಾಗಿ, ತ್ವರಿತಗತಿಯಲ್ಲಿ ಬರುತ್ತವೆ. ಮೀಟುಗಳು ಲಘುವಾಗಿಯೂ ಚುರುಕಾಗಿಯೂ ಇರುತ್ತವೆ. ಈ ಕ್ರಮ ಶೇಷಣ್ಣನವರೊಬ್ಬರ ಸೃಷ್ಟಿಯಲ್ಲ. ಮೈಸೂರಿನ ಹಲವು ತಲೆಮಾರಿನ ವೈಣಿಕರ ಅನುಭವ ಅದರಲ್ಲಿದೆ. ಆದರೆ ಅದನ್ನು ಪೂರ್ಣಪ್ರಮಾಣದ ಕಚೇರಿಗೆ ಅಳವಡಿಸಿ, ಶಿಷ್ಯರಿಗೆ ಕಲಿಸಿ, ಇತರ ಪ್ರಾಂತಗಳವರೂ ಗುರುತಿಸುವಂತೆ ಮಾಡಿದ ಕೀರ್ತಿಯಲ್ಲಿ ಅವರದು ಹಿರಿಯ ಪಾಲು.

ಇತರ ವಾದ್ಯಗಳು ಮತ್ತು ಇತರ ಸಂಗೀತಗಳು

ಮೈಸೂರು ಅರಮನೆ ಆ ಕಾಲದಲ್ಲಿ ಹಲವು ಸಂಗೀತಗಳು ಸೇರುವ ಸ್ಥಳವಾಗಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನರು, ಸಿತಾರ್ ವಾದಕ ಬರ್ಕತುಲ್ಲಾ ಖಾನರು ಮೊದಲಾದ ಉತ್ತರಾದಿ ವಿದ್ವಾಂಸರಿಗೆ ಅಲ್ಲಿ ಆಶ್ರಯ ದೊರಕಿತ್ತು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳೂ ಇದ್ದವು. ಶೇಷಣ್ಣನವರು ಈ ವಾತಾವರಣವನ್ನು ಪೂರ್ಣವಾಗಿ ಉಪಯೋಗಿಸಿಕೊಂಡರು. ಪಿಟೀಲು ಮತ್ತು ಜಲತರಂಗಗಳ ಜೊತೆಗೆ, ಇಂದು ವಿರಳವಾಗಿರುವ ಸ್ವರಬತ್ ಎಂಬ ಮೀಟುವಾದ್ಯವನ್ನೂ ಅವರು ನುಡಿಸುತ್ತಿದ್ದರು. ಪಿಯಾನೊವನ್ನೂ ಅಭ್ಯಾಸ ಮಾಡಿದ್ದರು.

ಇದನ್ನು ಕೇವಲ ಕುತೂಹಲವೆಂದು ಭಾವಿಸುವಂತಿಲ್ಲ. ಪಿಯಾನೊದಲ್ಲಿ ಸ್ವರಸ್ಥಾನಗಳು ಸ್ಥಿರ. ಅಲ್ಲಿ ಗಮಕಕ್ಕೆ ಅವಕಾಶವಿಲ್ಲ. ಪಿಟೀಲಿನಲ್ಲಿ ಮೆಟ್ಟಿಲುಗಳೇ ಇಲ್ಲ. ನಾದವನ್ನು ಬೇಕಾದಷ್ಟು ಹೊತ್ತು ಎಳೆಯಬಹುದು. ವೀಣೆ ಇವೆರಡರ ನಡುವೆ ನಿಲ್ಲುತ್ತದೆ: ಅದಕ್ಕೆ ಮೆಟ್ಟಿಲುಗಳೂ ಇವೆ, ತಂತಿಯನ್ನು ಎಳೆದು ಗಮಕ ತರುವ ಸೌಕರ್ಯವೂ ಇದೆ. ಬೇರೆ ವಾದ್ಯಗಳನ್ನು ಕೈಯಾರೆ ನುಡಿಸಿ ನೋಡಿದವನಿಗೆ ತನ್ನ ವಾದ್ಯದ ಎಲ್ಲೆಯೂ ಸಾಧ್ಯತೆಯೂ ಸ್ಪಷ್ಟವಾಗುತ್ತವೆ. ಶೇಷಣ್ಣನವರು ಹೊರಗಿನಿಂದ ಕಲಿತದ್ದು ಹಲವು. ಆದರೆ ಅವರ ಹೆಸರಿಗೆ ಅಂಟಿಕೊಂಡದ್ದು ವೀಣೆಯೊಂದೇ.

ರಚನೆಗಳು

ಶೇಷಣ್ಣನವರು ಸ್ವರಜತಿ, ವರ್ಣ, ಕೃತಿ, ಜಾವಳಿ ಮತ್ತು ತಿಲ್ಲಾನಗಳನ್ನು ರಚಿಸಿದ್ದಾರೆ. ಅವುಗಳ ಸಂಖ್ಯೆ ಐವತ್ತರಷ್ಟೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅವರ ಅಂಕಿತ ಶೇಷ ಎಂಬುದು. ಕೃತಿಗಳಿಗಿಂತ ತಿಲ್ಲಾನಗಳು ಹೆಚ್ಚು ಪ್ರಚಾರದಲ್ಲಿವೆ. ಝಂಝೂಟಿ ರಾಗದ ತಿಲ್ಲಾನ ವೀಣೆಯ ಕಚೇರಿಗಳಲ್ಲಿ ಮಾತ್ರವಲ್ಲದೆ ಗಾಯಕರ ಕಚೇರಿಗಳಲ್ಲಿಯೂ ಕೇಳಿಬರುತ್ತದೆ.

ಇದಕ್ಕೆ ಕಾರಣವನ್ನು ರಚನೆಯ ಸ್ವಭಾವದಲ್ಲಿಯೇ ಕಾಣಬಹುದು. ತಿಲ್ಲಾನದಲ್ಲಿ ಅರ್ಥವುಳ್ಳ ಸಾಹಿತ್ಯ ಅತ್ಯಲ್ಪ. ಮೃದಂಗದ ಜತಿಗಳು ಮತ್ತು ಲಯದ ಓಟವೇ ಅದರ ಜೀವ. ಹಾಡುವವರಿಲ್ಲದ ಕಚೇರಿಯಲ್ಲಿ ಸಾಹಿತ್ಯವನ್ನು ಅವಲಂಬಿಸದ ರಚನೆಗಳು ವಾದಕನಿಗೆ ಹೆಚ್ಚು ಒದಗುತ್ತವೆ.

ಶಿಷ್ಯರು

ಶೇಷಣ್ಣನವರ ಶಿಷ್ಯರಲ್ಲಿ ವೀಣೆ ವೆಂಕಟಗಿರಿಯಪ್ಪನವರು (೧೮೮೭–೧೯೫೨) ಅಗ್ರಗಣ್ಯರು. ಗುರುವಿನ ತರುವಾಯ ಮೈಸೂರು ಆಸ್ಥಾನದಲ್ಲಿ ವೀಣೆಯ ಪರಂಪರೆಯನ್ನು ಮುನ್ನಡೆಸಿದವರು ಅವರು. ನಗ್ಮಾ ಎಂಬ ವಾದ್ಯಪ್ರಧಾನ ರಚನಾ ಪ್ರಕಾರವನ್ನು ಬಳಕೆಗೆ ತಂದ ಕೀರ್ತಿ ಅವರದು; ಗುರುವಿನಲ್ಲಿದ್ದ ಉತ್ತರಾದಿ ಸಂಗೀತದ ಒಲವು ಇಲ್ಲಿ ಮುಂದುವರಿದದ್ದನ್ನು ಕಾಣಬಹುದು. ವೆಂಕಟಗಿರಿಯಪ್ಪನವರ ಶಿಷ್ಯರಾದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು (೧೯೨೦–೧೯೯೭) ಬಾನುಲಿ, ಧ್ವನಿಮುದ್ರಿಕೆ ಮತ್ತು ದೇಶದಾದ್ಯಂತ ನಡೆಸಿದ ಕಚೇರಿಗಳ ಮೂಲಕ ಮೈಸೂರು ಬಾನಿಯನ್ನು ಲಕ್ಷಾಂತರ ಕೇಳುಗರಿಗೆ ಮುಟ್ಟಿಸಿದರು.

ಭೈರವಿ ಲಕ್ಷ್ಮೀನಾರಾಣಪ್ಪನವರು, ಶೇಷಣ್ಣನವರ ಮೊಮ್ಮಗ ಸ್ವರಮೂರ್ತಿ ವಿ. ಎನ್. ರಾಯರು ಮೊದಲಾದವರೂ ಈ ಪರಂಪರೆಯಲ್ಲಿ ಹೆಸರು ಪಡೆದವರು. ಶಿಷ್ಯರ ಸಾಲಿನಲ್ಲಿ ವಿಶಿಷ್ಟವಾಗಿ ಕಾಣುವವರು ಚಿತ್ರಕಲಾವಿದ ಕೆ. ವೆಂಕಟಪ್ಪನವರು. ಅರಮನೆಯ ಚಿತ್ರಕಾರರ ಮನೆತನದಿಂದ ಬಂದು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಶಿಕ್ಷಣ ಪಡೆದಿದ್ದ ಅವರು ಮೈಸೂರಿಗೆ ಮರಳಿದ ಮೇಲೆ ಶೇಷಣ್ಣನವರಲ್ಲಿ ವೀಣೆ ಕಲಿಯತೊಡಗಿದರು. ವೀಣೆಯ ಸೆಳೆತಕ್ಕೆ ಸಿಕ್ಕಿ ಚಿತ್ರರಚನೆಯನ್ನೇ ಹಿಂದಕ್ಕೆ ಸರಿಸುವಷ್ಟು ಅವರ ಸಾಧನೆ ತೀವ್ರವಾಗಿತ್ತು. ಆ ಮೋಹವನ್ನೇ ವಸ್ತುವಾಗಿಸಿ ಅವರು ಒಂದು ಚಿತ್ರವನ್ನೂ ರಚಿಸಿದರು. ವಂಶಪಾರಂಪರ್ಯವಾಗಿ ಬಂದ ವಿದ್ಯೆಯನ್ನು ವಂಶದ ಹೊರಗಿನವರಿಗೂ ಶೇಷಣ್ಣನವರು ಧಾರೆಯೆರೆದರೆಂಬುದಕ್ಕೆ ವೆಂಕಟಗಿರಿಯಪ್ಪ ಮತ್ತು ವೆಂಕಟಪ್ಪ ಇಬ್ಬರೂ ಸಾಕ್ಷಿ.

ಕೊನೆಯ ವರ್ಷಗಳು ಮತ್ತು ಪ್ರಭಾವ

ಶೇಷಣ್ಣನವರು ೧೯೨೬ರಲ್ಲಿ ನಿಧನರಾದರು. ಅವರನ್ನು ಹತ್ತಿರದಿಂದ ಬಲ್ಲ ವಾಸುದೇವಾಚಾರ್ಯರು ನಾ ಕಂಡ ಕಲಾವಿದರು ಎಂಬ ತಮ್ಮ ಗ್ರಂಥದಲ್ಲಿ ಅವರ ವ್ಯಕ್ತಿಚಿತ್ರವನ್ನು ಬರೆದಿದ್ದಾರೆ.

ಕಚೇರಿಯ ಸಂಗೀತ ಆಯಾ ಕ್ಷಣಕ್ಕೆ ಹುಟ್ಟಿ ಆಯಾ ಕ್ಷಣಕ್ಕೆ ಮುಗಿಯುವಂತಹುದು. ಇಂದಿನವರಿಗೆ ಶೇಷಣ್ಣನವರ ಕಲೆಯ ಪರಿಚಯ ಮುಖ್ಯವಾಗಿ ಆಗುವುದು ಸಮಕಾಲೀನರ ಬರಹಗಳಿಂದ, ಸ್ವರಲಿಪಿಯಲ್ಲಿ ಉಳಿದ ರಚನೆಗಳಿಂದ ಮತ್ತು ಶಿಷ್ಯಪ್ರಶಿಷ್ಯರ ಬೆರಳುಗಳಿಂದ. ಈ ಮೂರರಲ್ಲಿ ಕೊನೆಯದೇ ಹೆಚ್ಚು ಬಾಳಿಕೆಯದೆಂದು ಕಾಲ ತೋರಿಸಿದೆ. ೧೯೪೭ರ ನಂತರ ರಾಜಾಶ್ರಯ ಇಲ್ಲವಾದಾಗ ಅರಮನೆಯನ್ನೇ ನೆಚ್ಚಿಕೊಂಡಿದ್ದ ಹಲವು ಕಲೆಗಳು ಸೊರಗಿದವು. ಮೈಸೂರಿನ ವೀಣೆಯ ಬಾನಿ ಮಾತ್ರ ಶಿಷ್ಯಪರಂಪರೆಯ ಬಲದಿಂದ ಬಾನುಲಿ ನಿಲಯ, ಸಂಗೀತ ಸಭೆ ಮತ್ತು ಕಾಲೇಜುಗಳಿಗೆ ದಾಟಿಕೊಂಡಿತು. ಬಿಡಿಬೆರಳಿನ ಸ್ಫುಟವಾದ ನುಡಿಕೆ ಮತ್ತು ತಾನಕ್ಕೆ ಕೊಡುವ ಪ್ರಾಶಸ್ತ್ಯ ಈ ಬಾನಿಯ ವೈಣಿಕರಲ್ಲಿ ಇಂದಿಗೂ ಉಳಿದುಬಂದಿವೆ.